ಖಾಲಿ ಹಾಳೆ ಹೊಲಿದ ಅತ್ತಿಗೆ

ನಮ್ಮ ಅತ್ತಿಗೆ ಓದಿದ್ದು ಏಳನೇ ತರಗತಿ. ನಾನು ಎಂ.ಎ. ಮಾಡಿ, ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಕಥೆ, ಕಾವ್ಯ ಎಂದು ಗಂಟಲು ಹರಿದುಕೊಂಡವಳು. ಹೀಗಿದ್ದೂ ಕಥೆ ಎಂದರೇನು ಎಂದು ನನಗೆ ಕಲಿಸಿದವರು ಅತ್ತಿಗೆಯೇ. ಇದನ್ನು ಹೇಳಿಕೊಳ್ಳಲು ಮೊದಲು ನಾಚಿಕೆಯಾಗುತ್ತಿತ್ತು. ಈಗ ಹೆಮ್ಮೆಯಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಅತ್ತಿಗೆ ಸಾರ್ವಜನಿಕ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವವರು. ಎಲ್ಲರ ಬಾಯಲ್ಲೂ ಬೈಂಡರಮ್ಮ. ಮೆಟ್ಟಿಲ ಕೆಳಗಿನ ಕೋಣೆ ಅವರದು. ಒಳಗೆ ಹೋಗಬೇಕಾದರೆ ಎಂಥ ದೊಡ್ಡ ಮನುಷ್ಯನೂ ತಲೆ ತಗ್ಗಿಸಲೇಬೇಕು. ಬಾಗಿಲ ಪಕ್ಕ ಪುಸ್ತಕ ಅದುಮಿ ಹಿಡಿಯುವ ಕಬ್ಬಿಣದ ಪ್ರೆಸ್ಸು, ಕಿಟಕಿಯ ಕೆಳಗೆ ಕಾಗದ ಕತ್ತರಿಸುವ ಯಂತ್ರ, ಮೇಜಿನ ಮೇಲೆ ಅಂಟಿನ ಡಬ್ಬ, ಮೇಣ ಸವರಿದ ದಾರದ ಉಂಡೆ, ಸೂಜಿಗಳು. ಅವರಪ್ಪನೂ ಇದೇ ಕೆಲಸದವರು. ಮದುವೆಯಾಗಿ ಬರುವಾಗ ಅತ್ತಿಗೆ ತವರಿನಿಂದ ತಂದದ್ದು ಹಾಳೆ ಮಡಿಸಿ ಗೆರೆ ತೀಡುವ ಎಲುಬಿನ ಪಟ್ಟಿ. ಬೇರೆಯವರ ಹೆಂಡಿರು ಬಂಗಾರ ತಂದರೆ ನನ್ನವಳು ಮೂಳೆ ತಂದಳು ಎಂದು ಅಣ್ಣ ಇವತ್ತಿಗೂ ಛೇಡಿಸುತ್ತಾನೆ. ಬಂಗಾರ ಆಗಿದ್ದರೆ ಎಂದೋ ಕರಗುತ್ತಿತ್ತು, ಮೂಳೆಯಾದ್ದರಿಂದ ಮನೆ ನಡೆಯುತ್ತಿದೆ ಎಂದು ಅತ್ತಿಗೆ ತಿರುಗೇಟು ಕೊಡುತ್ತಾರೆ.

ಆ ಗ್ರಂಥಾಲಯಕ್ಕೆ ಇಪ್ಪತ್ತಾರು ವರ್ಷ ಕಾಲ ತಿಂಗಳು ತಿಂಗಳೂ ಒಂದು ಚಿತ್ರಕಥೆಯ ಪತ್ರಿಕೆ ಬರುತ್ತಿತ್ತು. ಅದರ ನಾಯಕ ಮಿಂಚುಗೈ. ಹಗಲು ಹೊತ್ತು ಕರೆಂಟಿನ ಕಂಬ ಹತ್ತುವ ಲೈನ್‌ಮನ್. ಒಮ್ಮೆ ಸಿಡಿಲು ಬಡಿದು ವಿದ್ಯುತ್ತು ಅವನ ಕೈಯೊಳಗೇ ಉಳಿದುಬಿಟ್ಟಿದೆ. ಆ ಕೈಯಿಂದ ಓಡುವ ರೈಲು ನಿಲ್ಲಿಸುತ್ತಾನೆ, ದುಷ್ಟರ ಕೋಟೆ ಉರುಳಿಸುತ್ತಾನೆ. ಆದರೆ ಯಾರನ್ನೂ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಅವರು ಸುಟ್ಟುಹೋಗುತ್ತಾರೆ. ಮೈಗಂಟಿದ ಬಣ್ಣದ ಉಡುಪು, ಬೆನ್ನಿಗೊಂದು ಬಟ್ಟೆ, ಚಡ್ಡಿ ಮಾತ್ರ ಹೊರಗೆ. ಪತ್ರಿಕೆ ನಿಂತುಹೋದ ಮೇಲೆ ಸಂಚಿಕೆಗಳೆಲ್ಲ ಕಟ್ಟುಕಟ್ಟಾಗಿ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದವು. ಅತ್ತಿಗೆ ಊಟದ ಬಿಡುವಿನಲ್ಲಿ ಕೂತು, ವರ್ಷಕ್ಕೊಂದರಂತೆ ಇಪ್ಪತ್ತಾರು ಸಂಪುಟ ಕಟ್ಟಿದರು.

ಕಟ್ಟುವಾಗ ಒಂದು ತಪ್ಪು ಮಾಡಿದರು. ಅದು ಕೆಲಸ ಬಾರದವರು ಮಾಡುವ ತಪ್ಪಲ್ಲ, ಕೆಲಸ ಚೆನ್ನಾಗಿ ಬಲ್ಲವರೇ ಮಾಡುವಂಥದ್ದು. ಪತ್ರಿಕೆಗಳನ್ನು ಸಂಪುಟ ಮಾಡುವಾಗ ಎರಡೂ ಕಡೆ ಬರೀ ಜಾಹೀರಾತೇ ಇರುವ ಹಾಳೆಗಳನ್ನು ಕಿತ್ತುಹಾಕುವುದು ರಟ್ಟು ಕಟ್ಟುವವರ ರೂಢಿ. ಪುಸ್ತಕ ತೆಳ್ಳಗಾಗುತ್ತದೆ, ಹೊಲಿಗೆ ಗಟ್ಟಿ ನಿಲ್ಲುತ್ತದೆ. ಅವರಪ್ಪ ಕಲಿಸಿದ್ದೂ ಹಾಗೆಯೇ. ಕಿತ್ತ ಹಾಳೆ ದಂಡವಾಗಬಾರದೆಂದು ಬೇರೆ ಪುಸ್ತಕಗಳ ಬೆನ್ನಿನೊಳಗೆ ಅಂಟಿಸಿ ಗಟ್ಟಿ ಮಾಡುತ್ತಾರೆ. ನಮ್ಮ ಗ್ರಂಥಾಲಯದ ಕಾನೂನು ಗ್ರಂಥಗಳು ನೆಟ್ಟಗೆ ನಿಂತಿರುವುದು ಇವತ್ತಿಗೂ ಸೋಪು, ಸೈಕಲ್ಲುಗಳ ಜಾಹೀರಾತಿನ ಬಲದಿಂದಲೇ.

ಒಂದು ದಿನ ಬಸ್ಸಿನ ಕಂಡಕ್ಟರಮ್ಮ ಒಬ್ಬರು ಏಳನೇ ಸಂಪುಟ ಹಿಡಿದುಕೊಂಡು ಮೆಟ್ಟಿಲ ಕೆಳಗೆ ಬಂದರು. ಈ ಕಥೆ ಸತ್ತುಹೋಗಿದೆ ಬೈಂಡರಮ್ಮ, ಚಿಕ್ಕವಳಿದ್ದಾಗ ಇದನ್ನೇ ಓದಿ ಅತ್ತಿದ್ದೆ, ಈಗ ಓದಿದರೆ ಏನೂ ಆಗಲಿಲ್ಲ ಎಂದರು. ನಾನಾಗಿದ್ದರೆ, ನಿಮಗೆ ವಯಸ್ಸಾಯಿತು ತಾಯಿ ಎಂದು ಹೇಳಿ ಕಳಿಸುತ್ತಿದ್ದೆ. ಅತ್ತಿಗೆ ಸಂಪುಟ ಇಸಿದುಕೊಂಡು ಮೂರು ದಿನ ಅದನ್ನೇ ತಿರುವಿದರು. ಕೊನೆಗೆ ತಾವು ಕಿತ್ತ ಹಾಳೆಯ ಜಾಗ ಕಣ್ಣಿಗೆ ಬಿತ್ತು. ಎಡಗಡೆಯ ಪುಟದಲ್ಲಿ ಕಥೆ ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಮೊದಲು ಅದರ ಎದುರಿಗೆ ಜಾಹೀರಾತಿನ ಹಾಳೆ ಇತ್ತು; ಅದನ್ನು ತಿರುಗಿಸಿದ ಮೇಲಷ್ಟೇ ಮುಂದೇನಾಯಿತು ಎಂದು ಕಾಣುತ್ತಿತ್ತು. ಹಾಳೆ ಕಿತ್ತಿದ್ದರಿಂದ ಈಗ ಎರಡೂ ಅಕ್ಕಪಕ್ಕ ಬಂದು ಕೂತಿದ್ದವು. ಪುಟ ತೆರೆದವರ ಕಣ್ಣು ಸೀದಾ ಬಲಗಡೆಯ ದೊಡ್ಡ ಚಿತ್ರಕ್ಕೇ ಹಾರುತ್ತಿತ್ತು.

ಅಂದು ಮನೆಗೆ ಬಂದವರೇ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದರು. ಆ ಚಿತ್ರ ಬರೆದವನಿಗೆ ಎಲ್ಲಿ ಜಾಹೀರಾತು ಬರುತ್ತದೆ ಎಂದು ಗೊತ್ತಿತ್ತಂತೆ, ಬೇಕೆಂದೇ ಅಲ್ಲಿ ನಿಲ್ಲಿಸಿದ್ದನಂತೆ, ಹಾಳೆ ತಿರುಗಿಸುವ ಹೊತ್ತೂ ಅವನ ಕಥೆಯ ಒಂದು ಭಾಗವಂತೆ. ನಾನು ನಕ್ಕುಬಿಟ್ಟೆ. ಚಡ್ಡಿಯನ್ನು ಹೊರಗೆ ಹಾಕಿಕೊಂಡು ಹಾರಾಡುವವರ ಕಥೆಗೆ ಇಷ್ಟು ವ್ಯಾಖ್ಯಾನವೇ ಅತ್ತಿಗೆ ಎಂದೆ.

“ಒಳಗೆ ಹಾಕ್ಕೊಂಡೋರು ಏನು ಕಡಿದು ಕಟ್ಟೆ ಹಾಕಿದಾರೆ ಹೇಳು ಮೇಷ್ಟ್ರಮ್ಮ” ಎಂದರು ಅತ್ತಿಗೆ. ಅಣ್ಣ ತಿನ್ನುತ್ತಿದ್ದ ತುತ್ತು ನೆತ್ತಿಗೇರಿ ಕೆಮ್ಮಿದ. ನಾನು ಮುಖ ಊದಿಸಿಕೊಂಡು ಎದ್ದುಹೋದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ.

ಆ ವರ್ಷವೆಲ್ಲ ಅತ್ತಿಗೆ ಊಟದ ಬಿಡುವಿನಲ್ಲಿ ಒಂದೊಂದೇ ಸಂಪುಟ ಬಿಚ್ಚಿದರು. ಜಾಹೀರಾತುಗಳು ಕಾನೂನಿನ ಬೆನ್ನು ಸೇರಿದ್ದವು, ವಾಪಸು ತರುವ ಹಾಗಿರಲಿಲ್ಲ. ಆದ್ದರಿಂದ ಕಿತ್ತ ಪ್ರತಿಯೊಂದು ಹಾಳೆಯ ಜಾಗದಲ್ಲೂ ಅದೇ ಅಳತೆಯ ಖಾಲಿ ಹಾಳೆ ಇಟ್ಟು ಮತ್ತೆ ಹೊಲಿದರು. ಕಂಡಕ್ಟರಮ್ಮ ಹೇಳಿದ ಆ ಕಥೆಯ ಸಂಚಿಕೆಗೆ ಎರಡು ಪ್ರತಿ ಇತ್ತು, ಎರಡರಲ್ಲೂ ಹಾಳೆ ಕಿತ್ತಾಗಿತ್ತು. ಹೆಚ್ಚಿನದನ್ನು, ತಾವು ಮೊದಲು ಕೆಡಿಸಿ ಹೊಲಿದಂತೆಯೇ, ಮೇಜಿನ ಡ್ರಾದಲ್ಲಿ ಇಟ್ಟುಕೊಂಡರು. ಮಾಡಿದ ತಪ್ಪು ಮರೆತುಹೋಗಬಾರದು ಎಂದು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಕಳೆದ ವರ್ಷ ನನ್ನನ್ನು ಗ್ರಂಥಾಲಯದ ಸಮಿತಿಗೆ ಸೇರಿಸಿಕೊಂಡರು. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು. ಶಿಸ್ತೆಂದರೆ ಶಿಸ್ತು. ಸಭೆಗೆ ಬಂದ ಯಾವ ಕಾಗದವನ್ನೂ ಅವರು ಕಣ್ಣಿಂದ ನೋಡುವವರಲ್ಲ; ಯಾರಾದರೂ ಗಟ್ಟಿಯಾಗಿ ಓದಬೇಕು, ಅವರು ಕಣ್ಣು ಮುಚ್ಚಿ ಕೇಳಬೇಕು. ಓದುವ ಕೆಲಸ ಭಾಷೆಯ ಟೀಚರಾದ ನನ್ನ ತಲೆಗೆ ಬಂತು. ಕಪಾಟುಗಳಲ್ಲಿ ಜಾಗವಿಲ್ಲ, ಕೆಲಸಕ್ಕೆ ಬಾರದ್ದನ್ನು ಪಟ್ಟಿ ಮಾಡಿ ಎಂದು ಗ್ರಂಥಪಾಲಕರಿಗೂ ನನಗೂ ಅಪ್ಪಣೆಯಾಯಿತು. ಒಂಬತ್ತನೇ ಸಾಲಿನಲ್ಲಿ ನಾನೇ, ನನ್ನ ಮುದ್ದಾದ ಅಕ್ಷರದಲ್ಲಿ, ‘ಚಿತ್ರಕಥೆ, ಇಪ್ಪತ್ತಾರು ಸಂಪುಟ, ಗುಜರಿಗೆ’ ಎಂದು ಬರೆದೆ. ಯಾರ ಕೈಕೆಲಸ ಎಂದು ಗೊತ್ತಿದ್ದೂ ಬರೆದೆ. ಮನೆಯವರೆಂದು ಪಕ್ಷಪಾತ ಮಾಡಲಿಲ್ಲ ಎಂದು ಒಳಗೊಳಗೇ ಬೆನ್ನು ಬೇರೆ ತಟ್ಟಿಕೊಂಡೆ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ?

ವಿಷಯ ಅತ್ತಿಗೆಯ ಕಿವಿಗೆ ಬಿತ್ತು. ಸಂಜೆ ಬಟ್ಟೆ ಮಡಿಸುತ್ತ ಕೂತಿದ್ದಾಗ ಕೇಳಿದ್ದು ಒಂದೇ ಮಾತು.

“ಓದಿದೀಯಾ?”

“ಇಲ್ಲ ಅತ್ತಿಗೆ.”

ಅವರು ಕೂಗಾಡಿದ್ದರೆ ನಾನೂ ಕೂಗಾಡಿ ಗೆಲ್ಲುತ್ತಿದ್ದೆ. ಅವರು ಮಡಿಸಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದರು. ಹದಿನೈದು ದಿನ ನನ್ನ ಜೊತೆ ಬೇಕಾದಷ್ಟೇ ಮಾತು. ಮರುದಿನವೇ ಅಧ್ಯಕ್ಷರಿಗೆ ಚೀಟಿ ಬರೆದು, ಮುಂದಿನ ಸಭೆಯಲ್ಲಿ ತಮಗೆ ಹತ್ತು ನಿಮಿಷ ಕೊಡಬೇಕೆಂದು ಕೇಳಿಕೊಂಡಿದ್ದರು ಎಂದು ಆಮೇಲೆ ತಿಳಿಯಿತು.

ಸಭೆಯ ದಿನ ಅತ್ತಿಗೆ ಕೈಗೆ ಮೆತ್ತಿದ್ದ ಅಂಟು ತೊಳೆದುಕೊಂಡು, ಏಳನೇ ಸಂಪುಟ ಮತ್ತು ಡ್ರಾದಲ್ಲಿದ್ದ ಆ ತೆಳು ಸಂಚಿಕೆ ಹಿಡಿದು ಬಂದರು. ಅಧ್ಯಕ್ಷರು ಆಗಲೇ ಕಾದು ಕೆಂಡವಾಗಿದ್ದರು. ಇದು ಗ್ರಂಥಾಲಯವೋ ಆಟದ ಮನೆಯೋ ಎಂದರು. ಗುದ್ದು, ಒದೆತ, ಢಮಾರ್ ಎಂಬ ಸದ್ದು, ಇದನ್ನು ಕಥೆ ಎನ್ನುತ್ತಾರೆಯೇ ಎಂದರು. ಅದಕ್ಕೂ ಮಿಗಿಲಾಗಿ, ಪ್ರತಿ ಸಂಪುಟದಲ್ಲೂ ಖಾಲಿ ಹಾಳೆಗಳನ್ನು ಸೇರಿಸಿ ಹೊಲಿದಿದ್ದೀರಂತೆ, ಕಾಗದವೇನು ಮರದಲ್ಲಿ ಬೆಳೆಯುತ್ತದೆಯೇ ಎಂದರು. ಬೆಳೆಯುವುದು ಮರದಲ್ಲೇ ಎಂದು ಗ್ರಂಥಪಾಲಕರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ನಾನು ನಾಲಿಗೆ ಕಚ್ಚಿ ನಗು ತಡೆದೆ.

ಅತ್ತಿಗೆ ವಾದಕ್ಕೆ ಇಳಿಯಲಿಲ್ಲ.

“ಓದಿ ಆಮೇಲೆ ಎಸೀರಿ ಸಾರ್, ನಾನು ಅಡ್ಡ ಬರಲ್ಲ. ಓದದೆ ಎಸೀಬೇಡಿ” ಎಂದರು. ಸಂಪುಟ ತೆರೆದು ನನ್ನ ಮುಂದೆ ಇಟ್ಟರು. “ಮೇಡಂ ಓದಲಿ.”

ಮದುವೆಯಾಗಿ ಬಂದ ದಿನದಿಂದ ನನ್ನನ್ನು ಏನೇನೋ ಕರೆದಿದ್ದಾರೆ, ಮೇಡಂ ಎಂದು ಕರೆದದ್ದು ಅದೇ ಮೊದಲು.

ಓದತೊಡಗಿದೆ. ಮೊದಲೆರಡು ಪುಟ ಬೇಕೆಂದೇ ನಾಟಕದವರ ಹಾಗೆ ರಾಗ ಎಳೆದೆ. ಮಿಂಚುಗೈಯ ತಾಯಿ ಆಸ್ಪತ್ರೆಯಲ್ಲಿದ್ದಾಳೆ, ಕಣ್ಣು ಕಾಣುವುದಿಲ್ಲ. ಮಗನ ಹೆಜ್ಜೆ ಸದ್ದು ಕೇಳಿ, ಕೈ ಕೊಡೋ, ಎಷ್ಟು ವರ್ಷ ಆಯ್ತೋ ನಿನ್ನ ಮುಟ್ಟಿ ಎನ್ನುತ್ತಾಳೆ. ಆಗಲ್ಲಮ್ಮ ಎನ್ನುತ್ತಾನೆ ಅವನು. ಅಷ್ಟು ಹೊತ್ತಿಗೆ ನನ್ನ ರಾಗ ತಾನಾಗಿ ಇಳಿದಿತ್ತು. ಮುಂದಿನ ಪುಟ, ಎಡಗಡೆಯದು, ಒಂಬತ್ತು ಚಿಕ್ಕ ಚೌಕಗಳು. ಒಂದರಲ್ಲೂ ಮಾತಿಲ್ಲ. ಹಾಸಿಗೆಯ ಮೇಲೆ ಮುದುಕಿಯ ಕೈ, ಅದರತ್ತ ಅವನ ಕೈ. ಒಂದೊಂದು ಚೌಕಕ್ಕೂ ಒಂದಿಷ್ಟು ಹತ್ತಿರ. ಒಂಬತ್ತನೆಯದರಲ್ಲಿ ಕೈ ನಿಂತಿದೆ, ನಡುವೆ ಒಂದು ಬೆರಳಿನಷ್ಟು ಜಾಗ.

ಯಾಕೆ ನಿಲ್ಲಿಸಿದಿರಿ, ಓದಿ ಎಂದರು ಅಧ್ಯಕ್ಷರು, ಕಣ್ಣು ಮುಚ್ಚಿಕೊಂಡೇ. ಮಾತಿಲ್ಲ ಸಾರ್ ಎಂದೆ.

ಎದುರಿಗೆ ಖಾಲಿ ಹಾಳೆ. ನನ್ನ ಕೈ ಅದರ ಮೇಲೆ ನಿಂತುಬಿಟ್ಟಿತು. ತಿರುಗಿಸಲು ಹೆದರಿಕೆಯಾಯಿತು. ಚಡ್ಡಿ ಹೊರಗೆ ಹಾಕಿಕೊಂಡವನೊಬ್ಬ ತನ್ನ ತಾಯಿಯನ್ನು ಮುಟ್ಟುತ್ತಾನೋ ಬಿಡುತ್ತಾನೋ ಎಂದು ನನಗೆ, ಈ ವಯಸ್ಸಿನಲ್ಲಿ, ನಾಲ್ಕು ಜನರ ಮುಂದೆ, ನಿಜವಾಗಿ ಹೆದರಿಕೆಯಾಯಿತು. ಅತ್ತಿಗೆ ನನ್ನ ಮುಖ ನೋಡುತ್ತಿರಲಿಲ್ಲ, ನನ್ನ ಕೈ ನೋಡುತ್ತಿದ್ದರು.

ತಿರುಗಿಸಿದೆ. ಇಡೀ ಪುಟ ಕಪ್ಪು. ಊರಿಗೆ ಊರೇ ಕತ್ತಲು, ಒಂದು ಕಂಬದಲ್ಲೂ ದೀಪವಿಲ್ಲ. ಅವನು ಕೈಯೊಳಗಿದ್ದ ಅಷ್ಟೂ ಶಕ್ತಿಯನ್ನು ನೆಲಕ್ಕೆ ಸುರಿದುಬಿಟ್ಟಿದ್ದಾನೆ, ಆ ಹೊಡೆತಕ್ಕೆ ಊರಿನ ಕರೆಂಟೆಲ್ಲ ಹೋಗಿದೆ. ಆಸ್ಪತ್ರೆಯ ಒಂದೇ ಒಂದು ಕಿಟಕಿಯಲ್ಲಿ ಬೆಳದಿಂಗಳು. ಅದರಲ್ಲಿ, ಅಕ್ಕಿ ಕಾಳಿನಷ್ಟು ಚಿಕ್ಕದಾಗಿ, ಒಂದನ್ನೊಂದು ಹಿಡಿದ ಎರಡು ಕೈ.

“ಏನು ಬರೆದಿದೆ?” ಎಂದರು ಅಧ್ಯಕ್ಷರು.

“ಏನೂ ಬರೆದಿಲ್ಲ ಸಾರ್. ಇದನ್ನ ಓದಿ ಹೇಳೋಕಾಗಲ್ಲ. ನೀವೇ ಎದ್ದು ಬಂದು ನೋಡಬೇಕು.” ಇಪ್ಪತ್ತೆರಡು ವರ್ಷ ಮಾತಿನಿಂದಲೇ ಬದುಕಿದವಳಿಗೆ ಆ ಪುಟ ಒಂದೇ ಒಂದು ಮಾತನ್ನೂ ಬಿಟ್ಟುಕೊಡಲಿಲ್ಲ.

ಅಧ್ಯಕ್ಷರು ಗೊಣಗುತ್ತ ಎದ್ದು ಬಂದರು. ಕನ್ನಡಕ ಏರಿಸಿ ಕಪ್ಪು ಪುಟ ನೋಡಿದರು. ತಾವಾಗಿಯೇ ಹಿಂದಕ್ಕೆ ಹೋಗಿ ಒಂಬತ್ತು ಚೌಕ ನೋಡಿದರು. ಖಾಲಿ ಹಾಳೆಯ ಮೇಲೆ ಅವರ ಬೆರಳೂ ನಿಂತಿತು. ಆಮೇಲೆ ಮೆಲ್ಲಗೆ ತಿರುಗಿಸಿದರು. ಆಗ ಅತ್ತಿಗೆ ಡ್ರಾದ ಸಂಚಿಕೆ ತೆರೆದು ಪಕ್ಕದಲ್ಲಿಟ್ಟರು. ಅದೇ ಒಂಬತ್ತು ಚೌಕ, ಎದುರಿಗೇ ಕಪ್ಪು ಚಿತ್ರ, ನಡುವೆ ಏನೂ ಇಲ್ಲ. ಇದು ನಾನು ಕೆಡಿಸಿದ್ದು, ಅದು ಸರಿ ಮಾಡಿದ್ದು, ದಂಡ ಮಾಡಿದ ಕಾಗದ ಇಷ್ಟೇ ಸಾರ್ ಎಂದರು. ಅಧ್ಯಕ್ಷರು ಒಮ್ಮೆ ಇದನ್ನು, ಒಮ್ಮೆ ಅದನ್ನು ನೋಡಿದರು.

“ಆಮೇಲೆ?” ಎಂದರು ಕೊನೆಗೆ. “ಅವನ ಶಕ್ತಿ ವಾಪಸ್ ಬರುತ್ತಾ?”

“ಅದು ಎಂಟನೇ ಸಂಪುಟದಲ್ಲಿ ಸಾರ್” ಎಂದರು ಅತ್ತಿಗೆ. “ಗುಜರಿ ಪಟ್ಟಿಯಲ್ಲಿದೆ.”

ಗ್ರಂಥಪಾಲಕರು ಬಾಯಿಗೆ ಕರ್ಚೀಫು ಒತ್ತಿಕೊಂಡರು. ಅಧ್ಯಕ್ಷರು ಪಟ್ಟಿಯನ್ನು ನನ್ನತ್ತ ತಳ್ಳಿ, ಒಂಬತ್ತನೇ ಸಾಲು ಹೊಡೆದುಹಾಕಿ ಮೇಡಂ ಎಂದರು. ಹೊಡೆದೆ, ಕಾಗದ ಹರಿಯುವ ಹಾಗೆ ಹೊಡೆದೆ. ಪಟ್ಟಿಯನ್ನು ಬೇರೆ ಬರೆಯಬೇಕಾಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಇವುಗಳ ಬೆನ್ನ ಮೇಲೆ ಚಿನ್ನದ ಅಕ್ಷರ ಯಾಕಿಲ್ಲ ಎಂದು ಅಧ್ಯಕ್ಷರೇ ಕೇಳಿದರು. ಚಿನ್ನದ ಅಕ್ಷರ ಮಹಾಕಾವ್ಯಗಳಿಗೆ ಮಾತ್ರ ಎಂದು ನೀವೇ ಆರ್ಡರ್ ಮಾಡಿದ್ದಿರಿ ಎಂದರು ಅತ್ತಿಗೆ. ಹಾಗಾದರೆ ಆ ಆರ್ಡರನ್ನು ಇವತ್ತು ಬದಲಾಯಿಸಿದೆ ಎಂದು ಅವರು ಕಪಾಟಿನಿಂದ ಎಂಟನೇ ಸಂಪುಟವನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಹೊರಟರು.

ಮುಂದಿನ ವಾರ ನಾನು ತಲೆ ತಗ್ಗಿಸಿ ಮೆಟ್ಟಿಲ ಕೆಳಗಿನ ಕೋಣೆಗೆ ಹೋದೆ. ತಗ್ಗಿಸಿದ್ದು ಬಾಗಿಲಿಗಾಗಿ ಮಾತ್ರ ಅಲ್ಲ. ಅತ್ತಿಗೆ ಮೊದಲನೇ ಸಂಪುಟಕ್ಕೆ ಹೊಸ ರಟ್ಟು ಹಾಕುತ್ತಿದ್ದರು. ಹಳೆಯ ಕಾಗದ ಕೆರೆದು ತೆಗೆದ ಬೆನ್ನು ಪ್ರೆಸ್ಸಿನಲ್ಲಿ ಬತ್ತಲೆ ನಿಂತಿತ್ತು. ನಾನು ಕ್ಷಮಿಸಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರು ಕೈ ಚಾಚಿ, ಆ ಹಳೇ ಗುಜರಿ ಪಟ್ಟಿ ನಿನ್ನ ಹತ್ತಿರ ಇದೆಯಲ್ಲ, ಕೊಡು ಎಂದರು. ಚೀಲದಲ್ಲೇ ಇತ್ತು. ನಿಮ್ಮ ತಪ್ಪಿನ ಡ್ರಾದಲ್ಲಿ ಇಡ್ತೀರಾ ಎಂದು ಕೇಳಿದೆ.

“ಡ್ರಾದಲ್ಲಿಟ್ರೆ ದಂಡ ಕಣೇ. ಒಳ್ಳೇ ಗಟ್ಟಿ ಕಾಗದ, ಕೆಲಸಕ್ಕೆ ಬರತ್ತೆ” ಎಂದು, ಅದನ್ನು ಬೆನ್ನಿನ ಅಗಲಕ್ಕೆ ಕತ್ತರಿಸಿ, ಅಂಟು ಸವರಿ, ನನ್ನ ಅಕ್ಷರ ಒಳಮುಖವಾಗುವಂತೆ ಅಂಟಿಸಿ, ಎಲುಬಿನ ಪಟ್ಟಿಯಿಂದ ತೀಡಿದರು.

ಈಗ ಇಪ್ಪತ್ತಾರು ಸಂಪುಟಗಳೂ ಓದುವ ಕೋಣೆಯಲ್ಲಿ ಮಹಾಕಾವ್ಯಗಳ ಪಕ್ಕದ ಕಪಾಟಿನಲ್ಲಿವೆ, ಎಲ್ಲದರ ಮೇಲೂ ಚಿನ್ನದ ಅಕ್ಷರ. ಮೊದಲನೆಯದನ್ನು ಕೈಗೆ ತೆಗೆದುಕೊಂಡವರು ಬೆನ್ನು ಎಷ್ಟು ಗಟ್ಟಿಯಾಗಿದೆ ಎಂದು ಹೊಗಳುತ್ತಾರೆ. ನಮ್ಮ ಅತ್ತಿಗೆಯ ಕೆಲಸ ಎನ್ನುತ್ತೇನೆ. ಅದನ್ನು ಒಳಗಿನಿಂದ ಹಿಡಿದು ನಿಲ್ಲಿಸಿರುವುದು, ಅದನ್ನು ಗುಜರಿಗೆ ಹಾಕಿ ಎಂದು ನಾನು ಬರೆದ ಕಾಗದ.