ಹರಿದು ಹೋದ ರೀಡಿಂಗ್

ನಾನು ಒಬ್ಬಳ ತಲೆ ಒಡೆದದ್ದು ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ, ಬಿ.ಎಸ್ಸಿ. ಮೊದಲ ವರ್ಷದಲ್ಲಿ. ಅವಳು ಪ್ರಯೋಗದಲ್ಲಿ ನನ್ನ ಜೊತೆಗಾತಿ. ಗಿಣಿಗೇರಾದಿಂದ ದಿನಾ ಬಸ್ಸಿನಲ್ಲಿ ಕೊಪ್ಪಳಕ್ಕೆ ಬರುತ್ತಿದ್ದಳು. ಅವಳ ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನಾನು ಯಲಬುರ್ಗಾ ಕಡೆಯ ಮಂಗಳೂರೆಂಬ ಹಳ್ಳಿಯವಳು, ಹಾಸ್ಟೆಲಿನಲ್ಲಿದ್ದೆ. ನನ್ನ ಅಪ್ಪ ತೀರಿಕೊಂಡ ಮೇಲೆ ಮನೆ ನಡೆಸುತ್ತಿದ್ದವನು ಅಣ್ಣ. ಅವನಿಗೆ ಮಾತಿಗಿಂತ ಮೊದಲು ಕೈ ಬರುತ್ತಿತ್ತು. ಅವ್ವ, ನಾನು, ಎತ್ತು, ಎಲ್ಲರೂ ಏಟು ತಿಂದವರೇ. ಹೊಡೆಯುವುದನ್ನು ನಾನೂ ಅಲ್ಲೇ ಕಲಿತೆ. ಹೈಸ್ಕೂಲಿನಲ್ಲಿ ಒಬ್ಬಳ ಹಲ್ಲು ಅಲ್ಲಾಡುವಂತೆ ಹೊಡೆದಿದ್ದೆ.

ಕಾಲೇಜಿನಲ್ಲಿ ಅಲ್ಲಿಯವರೆಗೆ ಪ್ರಯೋಗವೆಂದರೆ ಹಿಂದಿನ ವರ್ಷದವರ ರೆಕಾರ್ಡ್ ತಂದು ನಕಲು ಮಾಡುವುದು. ಉಪಕರಣಗಳು ಬೀರುವಿನಲ್ಲೇ ಧೂಳು ತಿನ್ನುತ್ತಿದ್ದವು. ಆ ವರ್ಷ ಅತಿಥಿ ಉಪನ್ಯಾಸಕಿಯಾಗಿ ಬಂದ ಮೇಡಂ ಬೀಗ ತೆಗೆಸಿದರು. ತಪ್ಪು ಬಂದರೂ ನಿಮ್ಮ ರೀಡಿಂಗನ್ನೇ ಬರೆಯಿರಿ ಎಂದರು.

ನಮ್ಮಿಬ್ಬರ ಪಾಲಿಗೆ ಬಂದದ್ದು ಫ್ಲೈವೀಲ್. ಗೋಡೆಗೆ ಬಿಗಿದ ಭಾರವಾದ ಕಬ್ಬಿಣದ ಚಕ್ರ ಅದು. ಅದರ ಅಚ್ಚಿಗೆ ದಾರ ಸುತ್ತಿ, ತುದಿಗೆ ತೂಕ ಕಟ್ಟಿ ಬಿಡಬೇಕು. ತೂಕ ಕೆಳಗೆ ಬಿದ್ದ ಮೇಲೂ ಚಕ್ರ ತಿರುಗುತ್ತಲೇ ಇರುತ್ತದೆ. ನಿಲ್ಲುವ ತನಕ ಎಷ್ಟು ಸುತ್ತು, ಎಷ್ಟು ಹೊತ್ತು ಎಂದು ಎಣಿಸಬೇಕು. ಚಕ್ರದ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು, ಕಣ್ಣು ಮಿಟುಕಿಸದೆ ಎಣಿಸುತ್ತಿದ್ದೆ. ಹಾಗೆ ಎಣಿಸುವಾಗ ನನ್ನ ತಲೆಯಲ್ಲಿ ಬೇರೆ ಏನೂ ಇರುತ್ತಿರಲಿಲ್ಲ. ಅಂಥ ಸುಖ ನನಗೆ ಹೊಸದು.

ಮೂರು ಗುರುವಾರ ಎಣಿಸಿದರೂ ಪುಸ್ತಕದಲ್ಲಿದ್ದ ಉತ್ತರಕ್ಕೆ ನಮ್ಮದು ಹೊಂದಲಿಲ್ಲ. ನಾಲ್ಕನೆಯ ಗುರುವಾರ ಅವಳು ಹಳೆಯ ರೆಕಾರ್ಡೊಂದನ್ನು ತಂದಳು. ಅದನ್ನು ನೋಡಿ ಬರೆದು ಸಹಿ ಹಾಕಿಸಿಕೊಳ್ಳೋಣ ಎಂದಳು. ನಾನು ಒಪ್ಪಲಿಲ್ಲ.

"ನಿನಗ ಹಾಸ್ಟೆಲ್ ಐತಿ. ನನಗ ಬಸ್ ತಪ್ಪಿದ್ರ ಮನ್ಯಾಗ ಯಾರ್ ಉತ್ತರ ಕೊಡಬೇಕು?" ಎಂದವಳೇ ನನ್ನ ಪುಸ್ತಕ ಕಸಿದುಕೊಂಡು, ಮೂರು ವಾರದ ರೀಡಿಂಗ್ ಇದ್ದ ಹಾಳೆಯನ್ನು ಹರಿದಳು.

ನನ್ನ ಕೈಯಲ್ಲಿ ಅರ್ಧ ಕಿಲೋದ ತೂಕವಿತ್ತು. ಅದರಿಂದಲೇ ಹೊಡೆದೆ. ಹುಬ್ಬಿನ ಮೇಲೆ ಚರ್ಮ ಬಿರಿದು ರಕ್ತ ಕಣ್ಣಿಗೆ ಇಳಿಯಿತು. ಅವಳು ಮೇಜಿಗೆ ಒರಗಿ ಕುಸಿದಳು. ಆಗಲೂ ನನ್ನ ಕೈ ನಿಲ್ಲಲಿಲ್ಲ. ಮತ್ತೆ ಬೀಸಿದೆ. ಅಷ್ಟರಲ್ಲಿ ಓಡಿ ಬಂದ ಮೇಡಂ ನಡುವೆ ಕೈ ಒಡ್ಡಿದ್ದರು. ಎರಡನೆಯ ಏಟು ಅವರ ಬಲ ಮಣಿಕಟ್ಟಿಗೆ ಬಿತ್ತು. ಒಣ ತೊಗರಿಕಟ್ಟಿಗೆ ಮುರಿದಂಥ ಸದ್ದು ಕೇಳಿಸಿತು. ಮೇಡಂ ಎಡಗೈಯಿಂದ ತಮ್ಮ ಸೆರಗನ್ನು ಅವಳ ಹುಬ್ಬಿಗೆ ಒತ್ತಿ ಹಿಡಿದರು.

ಮರುದಿನ ಪ್ರಿನ್ಸಿಪಾಲರು ಎರಡೂ ಮನೆಯವರನ್ನು ಕರೆಸಿದರು. ಅವಳ ಅಪ್ಪ ಕಾರ್ಖಾನೆಯಿಂದ ನೇರವಾಗಿ ಬಂದಿದ್ದರು. ಅಂಗಿಯ ತುಂಬ ಕರಿ ಧೂಳು. ಅವರು ನನ್ನನ್ನು ಬೈಯುತ್ತಾರೆಂದು ಕಾದೆ.

"ಏಟು ಎರಡ ಬಟ್ಟು ಕೆಳಗ ಬಿದ್ದಿದ್ರ ನನ್ನ ಮಗಳ ಕಣ್ಣು ಹೋಗ್ತಿತ್ತವ್ವ," ಎಂದರು, ಅಷ್ಟೇ.

ನನ್ನನ್ನು 'ಅವ್ವ' ಎಂದರಲ್ಲ, ಅದಕ್ಕೇ ನನಗೆ ಅಳು ಬಂತು. ಅಳುವುದಕ್ಕೂ ಬಿಡದೆ ಅಣ್ಣ ಜಡೆ ಹಿಡಿದು ವರಾಂಡಕ್ಕೆ ಎಳೆದ. ಕಪಾಳಕ್ಕೆ ಹೊಡೆದ, ಬಿದ್ದ ಮೇಲೆ ಬೆನ್ನಿಗೆ ಒದ್ದ, ಆಮೇಲೆ ಬೆಲ್ಟು ಬಿಚ್ಚಿದ. ಹುಡುಗರು ಗುಂಪುಗಟ್ಟಿ ನೋಡುತ್ತಿದ್ದರು. ಯಾರೂ ಮುಂದೆ ಬರಲಿಲ್ಲ. ಬಂದವರು ಮೇಡಂ, ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ಕೊರಳಿಗೆ ಪಟ್ಟಿ ಕಟ್ಟಿಕೊಂಡು.

"ನನಗ ಒಂದ ಕೈ ಉಳದೈತ್ರಿ. ಇದನ್ನೂ ಮುರೀತೀರೇನು?"

ಅಣ್ಣ ಬೆಲ್ಟನ್ನು ಸುತ್ತಿ ಹಿಡಿದು ನೆಲ ನೋಡುತ್ತ ನಿಂತ.

ನನ್ನನ್ನು ಕಾಲೇಜಿನಿಂದ ತೆಗೆಯಬೇಕೆಂದು ಪ್ರಿನ್ಸಿಪಾಲರು ಹೇಳಿದ್ದರು. ಮೇಡಂ ಬೇರೆ ಶಿಕ್ಷೆ ಕೇಳಿದರು: ಪ್ಲಾಸ್ಟರ್ ತೆಗೆಯುವ ತನಕ ಎಲ್ಲ ಬ್ಯಾಚಿನ ಉಪಕರಣಗಳನ್ನೂ ನಾನೇ ಜೋಡಿಸಬೇಕು. ಅವರು ಬಾಯಲ್ಲಿ ಹೇಳುವುದು, ನಾನು ಮಾಡುವುದು. ಲೋಲಕ ತೂಗುಹಾಕಿದೆ, ಮಸೂರ ಒರೆಸಿದೆ, ದಪ್ಪ ಅಳೆಯುವ ಸ್ಕ್ರೂಗೇಜನ್ನು ಎಷ್ಟು ಹಗುರವಾಗಿ ತಿರುಗಿಸಬೇಕೆಂದು ಕಲಿತೆ. ಒಮ್ಮೆ ಬಿಗಿ ಮಾಡಿ ಗಾಜಿನ ತುಂಡು ಒಡೆದೆ. ಮೇಡಂ ಇನ್ನೊಂದು ತುಂಡು ಕೊಟ್ಟು ಮತ್ತೆ ಅಳೆ ಎಂದರು. ಬಯ್ಯದೆ ಕಲಿಸಬಹುದೆಂಬುದು ನನಗೆ ಗೊತ್ತೇ ಇರಲಿಲ್ಲ.

ಹುಬ್ಬಿನ ಹೊಲಿಗೆ ಬಿಚ್ಚಿದ ಮೇಲೆ ನನ್ನ ಜೊತೆಗಾತಿ ಬಂದಳು. ಮೇಡಂ ಇಬ್ಬರನ್ನೂ ಅದೇ ಚಕ್ರದ ಮುಂದೆ ನಿಲ್ಲಿಸಿದರು. ತಪ್ಪಾಯಿತು ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವಳೇ ಮಾತಾಡಿದಳು.

"ಹಾಳಿ ಹರದದ್ದು ನನ್ನ ತಪ್ಪು. ಆದ್ರ ನೀ ಹೊಡದದ್ದು ನಾ ಮರಿಯಂಗಿಲ್ಲ."

ಮರೆಯಬೇಡ ಎಂದೆ. ಅವಳು ಸ್ಟಾಪ್‌ವಾಚ್ ಹಿಡಿದಳು, ನಾನು ಸುತ್ತು ಎಣಿಸಿದೆ. ಪುಸ್ತಕದಲ್ಲಿದ್ದ ಉತ್ತರಕ್ಕೆ ನಮ್ಮದು ಆಗಲೂ ಹೊಂದಲಿಲ್ಲ. ಅಚ್ಚಿನ ಬೇರಿಂಗಿಗೆ ಎಣ್ಣೆ ಕಂಡು ಎಷ್ಟು ವರ್ಷವಾಗಿದೆಯೋ ನೋಡ್ರಿ ಎಂದು ಮೇಡಂ ನಕ್ಕು, ಎಡಗೈಯಲ್ಲಿ ಸೊಟ್ಟ ಸಹಿ ಹಾಕಿದರು.

ದೀಪಾವಳಿಗೆ ಊರಿಗೆ ಹೋದೆ. ಓದಿದ್ದು ಸಾಕು, ಮನೆಯಲ್ಲಿರು ಎಂದ ಅಣ್ಣ. ಪರೀಕ್ಷೆ ಬರೆಯುತ್ತೇನೆ ಎಂದದ್ದಕ್ಕೆ ಕೈ ಎತ್ತಿದ. ನಾನು ಆ ಕೈಯನ್ನು ಗಾಳಿಯಲ್ಲೇ ಹಿಡಿದೆ. ಬಿಡಿಸಿಕೊಳ್ಳಲು ಎಳೆದಾಡಿದ, ಆಗಲಿಲ್ಲ. ಒಲೆಯ ಪಕ್ಕದಲ್ಲಿ ಕುಡಗೋಲು ಬಿದ್ದಿತ್ತು. ಇಬ್ಬರೂ ಅದನ್ನು ನೋಡಿದೆವು. ನಾನು ತೆಗೆದುಕೊಳ್ಳಲಿಲ್ಲ. ಅವನ ಉಸಿರು ಇಳಿದ ಮೇಲೆ ಕೈ ಬಿಟ್ಟೆ.

ರೊಟ್ಟಿ ಬಡಿಯುತ್ತಿದ್ದ ಅವ್ವ ತಲೆ ಎತ್ತದೆ, ಕೊಪ್ಪಳದ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದಳು.