ಪುಟ್ಟಸ್ವಾಮಿ ಹಾಕಿಸಿದ ಬಾಡೂಟ

ಮಗಳ ಡಾಕ್ಟರ್ ಸೀಟಿಗೆ ತಾನೇ ಕಲ್ಲು ಹಾಕಿ, ಆ ಖುಷಿಗೆ ಊರಿಗೆಲ್ಲ ಬಾಡೂಟ ಹಾಕಿಸಿದ ಅಪ್ಪನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಕೇಳಿ ಬಡಿಸಿಕೊಂಡು ಉಂಡಿದ್ದೇನೆ ಕೂಡ.

ಗೆಳೆಯ ಪುಟ್ಟಸ್ವಾಮಿಯದು ಚನ್ನಪಟ್ಟಣಕ್ಕೆ ಅಂಟಿಕೊಂಡ ಊರು (ಹೆಸರು ಬೇಡ, ಜಗಳಕ್ಕೆ ಬರುತ್ತಾರೆ). ರೇಷ್ಮೆ ಬೆಳೆಯುತ್ತಾನೆ, ಹಸು ಕಟ್ಟಿದ್ದಾನೆ. ಕೆಲವು ವರ್ಷಗಳ ಹಿಂದೆ ಊರನ್ನು ನಗರಸಭೆಗೆ ಸೇರಿಸಬೇಕೆಂದು ರಸ್ತೆಗಿಳಿದವರಲ್ಲಿ ಇವನೇ ಮುಂದು. ಸೈಟಿನ ರೇಟು ಏರುತ್ತದೆ, ಇನ್ನೇನು ಬೇಕು? ಊರು ಸೇರಿತು. ಪಟಾಕಿ ಹೊಡೆದ, ಮರಿ ಹೊಡೆಸಿ ಊರಿಗೆಲ್ಲ ಬಾಡೂಟ ಹಾಕಿಸಿದ. ಆಗ ಮಗಳು ಪಲ್ಲವಿ ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಎಂಟನೇ ಕ್ಲಾಸು.

ಕಳೆದ ವಾರ ಅವನ ಫೋನ್ ಬಂತು. ಪಲ್ಲವಿಗೆ ನೀಟ್‌ನಲ್ಲಿ ಒಳ್ಳೆಯ ರ‍್ಯಾಂಕೇ ಬಂದಿದೆ. ಆದರೆ ಗ್ರಾಮೀಣ ಕೋಟಾ ಇದ್ದರಷ್ಟೇ ಸರ್ಕಾರಿ ಕಾಲೇಜು ಸಿಗುತ್ತದೆ. ಆ ಕೋಟಾಕ್ಕೆ ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿರಬೇಕು. ಪಲ್ಲವಿ ಕದಲದೆ ಅದೇ ಶಾಲೆಯಲ್ಲಿ ಕೂತಿದ್ದರೂ, ಒಂಬತ್ತನೇ ಕ್ಲಾಸಿನಿಂದ ಅವಳು ಪೇಟೆಯ ಹುಡುಗಿ!

“ಊರು ಅಂಗೇ ಐತೆ, ಹಸ ಅಂಗೇ ಅವೆ. ನನ್ ಮಗ್ಳು ಮಾತ್ರ ಪ್ಯಾಟೆಯವ್ಳಾಗ್ಬುಟ್ಳು ಕಣ್ಲಾ.”

ಪಾಪ ಅನ್ನಿಸಿತು. ಅವನ ಮನೆಗೆ ಹೊರಟೆ. ಕುತೂಹಲವೂ ಇತ್ತೆನ್ನಿ. “ಮೆರಿಟ್ ಒಂದೇ ಇರ್ಬೇಕು, ಮೀಸಲಾತಿ ಕಿತ್ತಾಕ್ಬೇಕು” ಎಂದು ಟೀ ಅಂಗಡಿಯಲ್ಲಿ ಮೇಜು ಕುಟ್ಟುತ್ತಿದ್ದವನು ಇವನೇ. (ಅವನ ಜಾತಿಗೂ ಮೀಸಲಾತಿ ಇದೆ. ಅದನ್ನು ನೆನಪಿಸಿದರೆ ಟೀ ಕೊಡಿಸುವುದಿಲ್ಲ.) ಈಗೇನಂತೆ?

“ನಮ್ದು ಬೇರೆ ಕಣ್ಲಾ. ಹೆಣ್ಮಗ ಕಷ್ಟ ಬಿದ್ದು ಓದೈತೆ.”

ಎಲ್ಲರದೂ ಬೇರೆಯೇ ಅಲ್ಲವೇ? ನಮ್ಮ ಮಕ್ಕಳ ಕಷ್ಟ ಕಾಣುವ ಕಣ್ಣಿಗೆ ಪಕ್ಕದ ಕೇರಿಯ ಮಕ್ಕಳ ಕಷ್ಟ ಯಾಕೆ ಕಾಣುವುದಿಲ್ಲ? ಅಷ್ಟಕ್ಕೂ ಹಳ್ಳಿ ಎಂದರೆ ಏನು? ಬೀದಿ ದೀಪವೋ, ಬಸ್ಸೋ, ಬರೀ ಬೋರ್ಡೋ?

ಪಲ್ಲವಿಯನ್ನೇ ಕೇಳಿದೆ: “ಕೋಟಾದಲ್ಲಿ ಸೀಟು ಸಿಕ್ಕಿದ್ರೆ ನಾಚಿಕೆ ಆಗ್ತಿತ್ತೇನಮ್ಮ?”

“ಯಾಕ್ ಅಂಕಲ್? ಹೈಸ್ಕೂಲಲ್ಲಿ ನಮ್ಗೆ ಸೈನ್ಸ್ ಮೇಷ್ಟ್ರೇ ಇರ್ನಿಲ್ಲ. ಪಿಟಿ ಮೇಷ್ಟ್ರು ಪಾಠ ಓದೋರು, ನಾವು ಬರ್ಕೊತಿದ್ವಿ. ಮಿಕ್ಕಿದ್ದೆಲ್ಲ ನಾನೇ ಓದ್ಕೊಂಡಿದ್ದು.”

ಪುಟ್ಟಸ್ವಾಮಿ ಮಧ್ಯೆ ಬಾಯಿ ಹಾಕಿದ: “ಅದು ಊರು ಹಳ್ಳಿಯಾಗಿದ್ದಾಗಿನ ಮಾತು, ಬುಡವ್ವ.”

ಪಲ್ಲವಿ ಅಪ್ಪನ ಕಡೆ ತಿರುಗಿದಳು.

“ಟೌನ್ ಆದ್ಮೇಲೆ ಮೇಷ್ಟ್ರು ಬಂದ್ರೇನಪ್ಪ?”