ಎದ್ದು ನಡೆಯದ ಗಾಯಾಳು

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಫ್ಯಾನ್ ಕಾರ್ಖಾನೆಯ ಬಣ್ಣದ ಕೋಣೆಯಲ್ಲಿ ಮೊದಲ ಪಾಳಿ ಇನ್ನೂ ಶುರುವಾಗಿಲ್ಲ. ಕೊಕ್ಕೆಗಳಿಗೆ ಸಾಲಾಗಿ ನೇತುಹಾಕಿದ ಫ್ಯಾನಿನ ರೆಕ್ಕೆಗಳ ಕೆಳಗೆ, ತಣ್ಣನೆಯ ಸಿಮೆಂಟ್ ನೆಲದ ಮೇಲೆ ಒಬ್ಬರು ಅಂಗಾತ ಬಿದ್ದಿದ್ದಾರೆ. ಬಲಗೈ ಎದೆಯ ಮೇಲಿದೆ, ಎಡಗಾಲು ಮಡಚಿದೆ, ಕಣ್ಣುಗಳು ಮುಚ್ಚಿವೆ. ತಲೆಯ ಪಕ್ಕದಲ್ಲಿ ಅವರ ಬೂಟುಗಳು ಜೋಡಿಯಾಗಿ, ಮೂತಿ ಗೋಡೆಯ ಕಡೆಗೆ ಮಾಡಿಕೊಂಡು ಕೂತಿವೆ.

“ಕರೆಂಟ್ ಹೊಡೆದೋನು ಬೂಟು ಬಿಚ್ಚಿ ನೀಟಾಗಿ ಜೋಡಿಸಿಡಲ್ಲ, ಅದು ನಂಗೂ ಗೊತ್ತು,” ಎಂದು ಅವರು ಕಣ್ಣು ತೆರೆಯದೆಯೇ ಹೇಳುತ್ತಾರೆ. “ಆದ್ರೆ ಸ್ಟ್ರೆಚರ್ ಬಟ್ಟೆ ಆಮೇಲೆ ಒಗೆಯೋದು ಯಾರು? ನಾನೇ ತಾನೆ.”

ಇವರು ಪ್ಯಾಕಿಂಗ್ ವಿಭಾಗದ ಕೆಲಸಗಾರರು. ದಿನಕ್ಕೆ ಮುನ್ನೂರಿಪ್ಪತ್ತು ಫ್ಯಾನುಗಳನ್ನು ಪೆಟ್ಟಿಗೆಗೆ ತುಂಬುತ್ತಾರೆ. ಆದರೆ ಕಾರ್ಖಾನೆಯಲ್ಲಿ ಯಾರೂ ಇವರನ್ನು ಆ ಕೆಲಸದಿಂದ ಗುರುತಿಸುವುದಿಲ್ಲ. ಎರಡು ತಿಂಗಳಿಗೊಮ್ಮೆ ನಡೆಯುವ ಸುರಕ್ಷತಾ ಅಣಕು ಕಾರ್ಯಾಚರಣೆಯಲ್ಲಿ ಗಾಯಗೊಂಡವರ ಪಾತ್ರ ಹನ್ನೊಂದು ವರ್ಷಗಳಿಂದ ಇವರದೇ. ಗೇಟಿನ ಕಾವಲುಗಾರನಿಂದ ಹಿಡಿದು ಕ್ಯಾಂಟೀನಿನವರವರೆಗೆ ಎಲ್ಲರಿಗೂ ಇವರು “ಗಾಯಾಳಣ್ಣ”. “ಏನ್ ಗಾಯಾಳಣ್ಣ, ಹುಷಾರಾ?” ಎಂದು ಯಾರಾದರೂ ಕೇಳಿದರೆ, “ಸದ್ಯಕ್ಕೆ” ಎನ್ನುತ್ತಾರೆ.

ಇವತ್ತಿನದು ಅವರ ಅರವತ್ತೇಳನೆಯ ಅಪಘಾತ. ಇವತ್ತು ತಿಳಿಯಬೇಕಾದದ್ದು ಒಂದೇ ವಿಷಯ: ಬಣ್ಣದ ಕೋಣೆಯಲ್ಲಿ ಬಿದ್ದವರು ಮಲಗಿದಂತೆಯೇ ನಾಲ್ಕು ನಿಮಿಷದೊಳಗೆ ಪ್ರಥಮ ಚಿಕಿತ್ಸೆಯ ಕೋಣೆ ಮುಟ್ಟುತ್ತಾರೋ ಇಲ್ಲವೋ. ಹನ್ನೊಂದು ವರ್ಷಗಳಲ್ಲಿ ಇಲ್ಲಿಂದ ಯಾರೂ ಹಾಗೆ ಮುಟ್ಟಿಲ್ಲ. ಕೋಣೆಯಲ್ಲಿ ಕೆಲಸ ಮಾಡುವವರು ಮೂವತ್ತೆಂಟು ಜನ. ಗಾಯಾಳಣ್ಣನ ಹೆಂಡತಿಯೂ ಅವರಲ್ಲಿ ಒಬ್ಬರು.

ಸೈರನ್ ಇನ್ನೂ ಕೂಗಿಲ್ಲ. ಸೇಫ್ಟಿ ಆಫೀಸರ್ ಸ್ಟಾಪ್‌ವಾಚಿಗೆ ಬ್ಯಾಟರಿ ಹುಡುಕುತ್ತಿದ್ದಾರೆ. ಗಾಯಾಳು ಕಾಯುತ್ತಾ ಬಿದ್ದಿದ್ದಾರೆ.

ಈ ಪಾತ್ರ ಅವರಿಗೆ ಸಿಕ್ಕಿದ್ದು ಮೈತೂಕದಿಂದ. ಅದಕ್ಕೆ ಮೊದಲು ಗಾಯಾಳುವಾಗಿದ್ದವರು ತೊಂಬತ್ತೆರಡು ಕಿಲೋ ತೂಕದ ಉಗ್ರಾಣಿ. ಅವರನ್ನು ಹೊತ್ತ ದಿನ ಹೊತ್ತವರಿಬ್ಬರಿಗೂ ಸೊಂಟ ಹಿಡಿದು, ಪ್ರಥಮ ಚಿಕಿತ್ಸೆ ಅವರಿಗೇ ಬೇಕಾಯಿತಂತೆ. ಗಾಯಾಳು ಮಾತ್ರ ಆರಾಮಾಗಿ ಎದ್ದು ಟೀ ಕುಡಿಯಲು ಹೋದರು. ಮರುದಿನ ಎಲ್ಲರನ್ನೂ ಪ್ಯಾಕಿಂಗ್ ವಿಭಾಗದ ತೂಕದ ಯಂತ್ರದ ಮೇಲೆ ನಿಲ್ಲಿಸಿ ನೋಡಿದಾಗ ನಲವತ್ತೇಳು ಕಿಲೋದ ಇವರು ಸಿಕ್ಕಿದರು. “ನಮ್ಮವ್ವ ಸಾಯೋವರೆಗೂ ‘ಇವನು ಉಣ್ಣೋದೆಲ್ಲಾ ಎಲ್ಲಿಗ್ ಹೋಗ್ತದೋ’ ಅಂತ ಕೊರಗ್ತಿದ್ಲು. ಇಲ್ಲಿ ಉಪಯೋಗಕ್ಕೆ ಬಂತು ನೋಡಿ.”

ಈವರೆಗಿನ ಅರವತ್ತಾರರ ಲೆಕ್ಕ ಅವರಿಗೆ ಬಾಯಿಪಾಠ. ವಿದ್ಯುತ್ ಆಘಾತ ಇಪ್ಪತ್ತನಾಲ್ಕು, ಸುಟ್ಟಗಾಯ ಹದಿನೈದು, ಎತ್ತರದಿಂದ ಬಿದ್ದದ್ದು ಹದಿಮೂರು, ಯಂತ್ರಕ್ಕೆ ಕೈ ಸಿಕ್ಕಿದ್ದು ಒಂಬತ್ತು, ತಲೆಸುತ್ತು ನಾಲ್ಕು, ಹಾವು ಕಡಿತ ಒಂದು. “ಕಾರ್ಖಾನೆ ಒಳಗೆ ಹಾವು ಎಲ್ಲಿಂದ ಬಂತು ಸಾರ್ ಅಂದೆ. ಫಾರಂನಲ್ಲಿ ಅದಕ್ಕೊಂದು ಕಾಲಂ ಇದೆ ಕಣಪ್ಪ, ಖಾಲಿ ಬಿಡಕ್ಕಾಗಲ್ಲ ಅಂದ್ರು.” ಸಹಾಯ ತಡವಾಗಿ ಬಂದದ್ದರಿಂದ ಎರಡು ಸಲ ಇವರು ಸತ್ತಿದ್ದಾರೆಂದು ದಾಖಲಾಗಿದೆ. ಎರಡೂ ಸಲ ಮಧ್ಯಾಹ್ನದ ಊಟ ಮುಗಿಸಿ ಪ್ಯಾಕಿಂಗ್‌ಗೆ ವಾಪಸಾಗಿದ್ದಾರೆ.

ಮಗಳು ಮೂರನೆಯ ತರಗತಿಯಲ್ಲಿದ್ದಾಗ ‘ನನ್ನ ತಂದೆ’ ಎಂಬ ಪ್ರಬಂಧದಲ್ಲಿ, “ನಮ್ಮ ಅಪ್ಪ ವರ್ಷಕ್ಕೆ ಆರು ಸಲ ಬೀಳುತ್ತಾರೆ. ಇಬ್ಬರು ಹೊತ್ತುಕೊಂಡು ಹೋಗುತ್ತಾರೆ” ಎಂದು ಬರೆದಿದ್ದಳು. ಶಾಲೆಯ ಟೀಚರ್ ತಾಯಿಯನ್ನು ಕರೆಸಿ, ಬಾಗಿಲು ಹಾಕಿ, ಬಹಳ ಮೆದುವಾಗಿ, “ಎಷ್ಟು ವರ್ಷದಿಂದ ಕುಡೀತಾರಮ್ಮ?” ಎಂದು ಕೇಳಿದರಂತೆ.

ಗಾಯಾಳಣ್ಣನ ನಿಜವಾದ ಕಸುಬು ಬೀಳುವುದಲ್ಲ, ಬಿದ್ದಲ್ಲಿಂದ ಅರೆಗಣ್ಣಿನಲ್ಲಿ ನೋಡುವುದು. ನಿಂತವರ ಕಣ್ಣಿನ ಮಟ್ಟ ನೆಲದಿಂದ ಸುಮಾರು ಐದು ಅಡಿ. ಕಾರ್ಖಾನೆಯ ಎಚ್ಚರಿಕೆಯ ಫಲಕಗಳೆಲ್ಲ ಆ ಎತ್ತರಕ್ಕೇ ಹೊಂದಿಕೊಂಡಿವೆ. ಇವರು ಮಾತ್ರ ಕಟ್ಟಡವನ್ನು ಕೆಳಗಿನಿಂದ ಬಲ್ಲರು. ಎತ್ತಿಕೊಂಡು ಹೋಗುವಾಗ ಹೊಸ ಲೋಪವೇನಾದರೂ ಕಂಡರೆ ಅದನ್ನು ಪ್ಯಾಕಿಂಗ್ ಚೀಟಿಯ ಹಿಂಬದಿಗೆ ಬರೆದು ಸೇಫ್ಟಿ ಆಫೀಸರ ಮೇಜಿನ ಮೇಲಿಡುತ್ತಾರೆ. ‘ಕಂಪ್ರೆಸರ್ ಹತ್ತಿರ ಬಿದ್ದರೆ ಸೈರನ್ ಕೇಳಿಸುವುದಿಲ್ಲ.’ ‘ಔಷಧದ ಪೆಟ್ಟಿಗೆಗೆ ಬೀಗ ಇದೆ, ಬೀಗದ ಕೈ ಟೀ ಕುಡಿಯಲು ಹೋಗಿದೆ.’ ಇಂಥ ಹನ್ನೊಂದು ಚೀಟಿಗಳಲ್ಲಿ ಹತ್ತನ್ನು ಸರಿಪಡಿಸಲಾಯಿತು. ಸರಿಯಾಗದೆ ಉಳಿದದ್ದು ಅವರು ಬರೆದ ಮೊಟ್ಟಮೊದಲ ಚೀಟಿ: ‘ಮೂಲೆಯಲ್ಲಿ ಸ್ಟ್ರೆಚರ್ ತಿರುಗುವುದಿಲ್ಲ.’

ಬಣ್ಣದ ಕೋಣೆಯಿಂದ ಚಿಕಿತ್ಸೆಯ ಕೋಣೆಗೆ ಇರುವುದು ಒಂದೇ ಓಣಿ. ಅದು ನಡುವೆ ಲಂಬಕೋನದಲ್ಲಿ ತಿರುಗುತ್ತದೆ. ಆ ತಿರುವಿನಲ್ಲಿ ಗಾಜಿನ ಬಾಗಿಲಿನ ಒಂದು ಬೀರು ಇತ್ತು. ಕಂಪನಿಯ ಸಾಮಾಜಿಕ ಹೊಣೆಗಾರಿಕೆಗೆ ಬಂದ ಪ್ರಶಸ್ತಿಗಳೆಲ್ಲ ಅದರಲ್ಲಿದ್ದವು: ಸಸಿ ನೆಟ್ಟದ್ದಕ್ಕೆ, ಶಾಲೆಗಳಿಗೆ ಬೆಂಚು ಕೊಟ್ಟದ್ದಕ್ಕೆ, ಕೆಲಸಗಾರರ ಸುರಕ್ಷತೆಗೆ. ಒಟ್ಟು ಮೂವತ್ತೊಂದು. ಟೇಪು ಹಿಡಿದು ಅಳೆದರೆ ಓಣಿಯ ಅಗಲ ನೂರಿಪ್ಪತ್ತು ಸೆಂಟಿಮೀಟರ್, ಬೀರುವಿನ ಆಳ ನಲವತ್ತೈದು. ಸ್ಟ್ರೆಚರ್ ಎರಡು ಮೀಟರ್ ಹತ್ತು ಸೆಂಟಿಮೀಟರ್ ಉದ್ದ, ಐವತ್ತೈದು ಅಗಲ. ಉದ್ದನೆಯ ವಸ್ತುವೊಂದು ಮೂಲೆಯಲ್ಲಿ ತಿರುಗುತ್ತದೋ ಇಲ್ಲವೋ ಎಂಬುದು ಕಾಲೇಜಿನ ಮೊದಲ ವರ್ಷದ ಗಣಿತ. ಬೀರು ಇಲ್ಲದಿದ್ದರೆ ಒಂದು ಗೇಣಿನಷ್ಟು ಜಾಗ ಮಿಗುತ್ತದೆ, ಇದ್ದರೆ ಒಂದೂವರೆ ಅಡಿ ಸಾಲದು. ಕಳೆದ ಹನ್ನೊಂದು ವರ್ಷ ಈ ಲೆಕ್ಕವನ್ನು ಗಣಿತದಿಂದ ಬಿಡಿಸದೆ ಗಾಯಾಳುವಿನಿಂದ ಬಿಡಿಸಲಾಗುತ್ತಿತ್ತು. ಮೂಲೆ ಬಂದಾಗ ಸ್ಟ್ರೆಚರನ್ನು ಕೆಳಗಿಡುತ್ತಿದ್ದರು. ಕರೆಂಟ್ ಹೊಡೆದು ಪ್ರಜ್ಞೆ ತಪ್ಪಿದ ಗಾಯಾಳಣ್ಣ ಎದ್ದು, ಮೂರು ಹೆಜ್ಜೆ ನಡೆದು, ತಿರುವಿನ ಆಚೆ ನಿಲ್ಲುತ್ತಿದ್ದರು. ಖಾಲಿ ಸ್ಟ್ರೆಚರನ್ನು ಅಡ್ಡಡ್ಡ ಹೊರಳಿಸಿ ದಾಟಿಸುತ್ತಿದ್ದರು. ಗಾಯಾಳಣ್ಣ ಮತ್ತೆ ಮಲಗಿ ಪ್ರಜ್ಞೆ ತಪ್ಪುತ್ತಿದ್ದರು.

“ಸದ್ಯಕ್ಕೆ ಹಿಂಗೆ ಮಾಡಣ, ಬೀರು ಆಮೇಲೆ ತೆಗೆಸ್ತೀನಿ ಅಂದ್ರು ಸಾಹೇಬ್ರು. ಸದ್ಯ ಅನ್ನೋದು ಹನ್ನೊಂದು ವರ್ಷ ಎಳೀತು.” ಬಣ್ಣದ ಕೋಣೆಯ ವರದಿಯಲ್ಲಿ ಮಾತ್ರ ಪ್ರತಿ ಸಲ ಒಂದೇ ವಾಕ್ಯ: “ಕಾರ್ಯಾಚರಣೆ ಯಶಸ್ವಿ. ಗಾಯಾಳು ಸಹಕರಿಸಿದ್ದಾರೆ.”

ಎಲ್ಲವೂ ತಮಾಷೆಯಾಗಿಯೇ ಇತ್ತು, ನಾಲ್ಕು ತಿಂಗಳ ಹಿಂದಿನ ಒಂದು ಬೆಳಗಿನವರೆಗೆ. ಆ ದಿನ ಬಣ್ಣದ ಕೋಣೆಯ ಹೊಗೆ ಹೊರಹಾಕುವ ಫ್ಯಾನ್ ನಿಂತುಹೋಗಿತ್ತು. ಫ್ಯಾನ್ ಕಾರ್ಖಾನೆಯಲ್ಲಿ ಫ್ಯಾನ್ ಕೆಟ್ಟದ್ದರ ಬಗ್ಗೆ ಅಲ್ಲಿನವರೇ ಸಾಕಷ್ಟು ನಕ್ಕಿದ್ದಾರೆ. ಬಣ್ಣದ ಘಾಟು, ಅದನ್ನು ಒಣಗಿಸುವ ಒಲೆಯ ಶಾಖ ಎರಡೂ ಸೇರಿ, ರೆಕ್ಕೆಗಳ ಬಣ್ಣ ಪರೀಕ್ಷಿಸುತ್ತಿದ್ದ ಗಾಯಾಳಣ್ಣನ ಹೆಂಡತಿ ತಲೆಸುತ್ತಿ ಬಿದ್ದರು. ಓಡಿಬಂದವರು ಯಾವಾಗಲೂ ಸ್ಟ್ರೆಚರ್ ಹೊರುವ ಇಬ್ಬರೇ: ಮುಂದೆ ಫೋರ್ಕ್‌ಲಿಫ್ಟ್ ಚಾಲಕ, ಹಿಂದೆ ಫಿಟ್ಟರ್. ಚೆನ್ನಾಗಿಯೇ ಎತ್ತಿದರು, ಚೆನ್ನಾಗಿಯೇ ಓಡಿದರು. ಮೂಲೆ ಬಂತು. ಇಬ್ಬರೂ ಸ್ಟ್ರೆಚರನ್ನು ಕೆಳಗಿಟ್ಟು ಕಾಯುತ್ತಾ ನಿಂತರು.

“ಏನ್ ಕಾಯ್ತಾ ಇದೀವಿ ಅಂತ ನಂಗೂ ಗೊತ್ತಾಗ್ಲಿಲ್ಲ,” ಎನ್ನುತ್ತಾನೆ ಫಿಟ್ಟರ್, ಈಗಲೂ ತಲೆ ತಗ್ಗಿಸಿ. “ಬಾಯಿಗೆ ತಾನಾಗೇ ಬಂದುಬಿಡ್ತು, ‘ಅತ್ತಿಗೆ, ಇಲ್ಲಿ ಇಳೀಬೇಕು’ ಅಂತ. ಬಸ್ ಕಂಡಕ್ಟರ್ ಥರ.”

ಅದಕ್ಕಿಂತ ಹೆಚ್ಚಿನದು ಮುಂದಿದೆ. ಅತ್ತಿಗೆ ಇಳಿದರು. “ಅರ್ಧಂಬರ್ಧ ಎಚ್ಚರ ಇತ್ತು ನಂಗೆ,” ಎನ್ನುತ್ತಾರೆ ಅವರು. “ನಮ್ಮನೆಯವ್ರು ಪ್ರತಿ ಸಲ ಅಲ್ಲೇ ಏಳೋದು ನೋಡಿದ್ನಲ್ಲ? ಅದೇ ಪದ್ಧತಿ ಏನೋ ಅನ್ಕೊಂಡೆ. ಬೀರು ಹಿಡ್ಕೊಂಡು ಮೂರು ಹೆಜ್ಜೆ ನಡೆದೆ. ಎರಡನೇ ಹೆಜ್ಜೆಗೆ ಕಣ್ಣು ಕತ್ತಲೆ. ಮೂರನೇದು ಯಾರ್ ಇಟ್ರೋ ಗೊತ್ತಿಲ್ಲ.” ಒಂದು ದಿನ ಸುಧಾರಿಸಿಕೊಂಡು ಅವರು ಕೆಲಸಕ್ಕೆ ಬಂದರು. ಬೀರುವಿನ ಗಾಜಿನ ಮೇಲೆ, ಸುರಕ್ಷತೆಯ ಪ್ರಶಸ್ತಿಯ ನೇರಕ್ಕೆ, ಅವರ ಐದು ಬೆರಳಿನ ಗುರುತು ಹಾಗೇ ಇತ್ತು. ವರದಿಯಲ್ಲಿ ಬರೆದಿತ್ತು: “ನಿಜ ಘಟನೆಯಲ್ಲೂ ಕ್ರಮ ಯಶಸ್ವಿ. ಗಾಯಾಳು ಸಹಕರಿಸಿದ್ದಾರೆ.”

ಗಾಯಾಳಣ್ಣನ ದನಿ ಇಳಿಯುವುದು ಇಲ್ಲಿ ಮಾತ್ರ. “ಅವ್ರದ್ದೇನ್ ತಪ್ಪಿಲ್ಲ. ನಾನು ಎದ್ದೂ ಎದ್ದೂ ಕಲಿಸಿಬಿಟ್ಟಿದ್ದೆ. ಹನ್ನೊಂದು ವರ್ಷ ನಾನ್ ಕೊಟ್ಟಿದ್ದು ತಪ್ಪು ಪಾಠ.”

ಎರಡು ತಿಂಗಳ ನಂತರ, ಮೂವತ್ತೆರಡನೆಯ ಪ್ರಶಸ್ತಿಗೆ ಕಾರ್ಖಾನೆಯನ್ನು ಪರೀಕ್ಷಿಸಲು ಮೂವರು ಬಂದರು. ಅವರಲ್ಲಿ ಹಿರಿಯರು ಊರುಗೋಲು ಹಿಡಿದ ನಿವೃತ್ತ ತಪಾಸಣಾಧಿಕಾರಿ, ಮಹಿಳೆ. ಸೈರನ್ ಕೂಗಿತು, ಸ್ಟ್ರೆಚರ್ ಓಡಿತು, ಮೂಲೆ ಬಂತು. ಸ್ಟ್ರೆಚರ್ ಕೆಳಗಿಟ್ಟರು.

“ಅಣ್ಣಾ, ಏಳು,” ಎಂದ ಫಿಟ್ಟರ್ ಮೆಲ್ಲಗೆ.

ಗಾಯಾಳಣ್ಣ ಅಲುಗಲಿಲ್ಲ.

“ಅಣ್ಣಾ, ಮೂಲೆ ಬಂತು ಕಣೋ.”

“ನಂಗೆ ಪ್ರಜ್ಞೆ ಇಲ್ಲ.”

“ಪ್ರಜ್ಞೆ ಇಲ್ದೆ ಹೆಂಗೋ ಮಾತಾಡ್ತೀಯ ಪುಣ್ಯಾತ್ಮ!” ಎಂದ ಫೋರ್ಕ್‌ಲಿಫ್ಟ್ ಚಾಲಕ.

“ಸರಿ, ಇನ್ನು ಮಾತಾಡಲ್ಲ.”

ಸೇಫ್ಟಿ ಆಫೀಸರ್ ಬಗ್ಗಿ ಕಿವಿಯಲ್ಲಿ, “ಮಾನ ಕಳೀಬೇಡಪ್ಪ, ಮೂರೇ ಹೆಜ್ಜೆ” ಎಂದರು. ಹಿರಿಯ ಪರೀಕ್ಷಕಿಯ ಕಿವಿ ಚುರುಕು. “ಏನದು ಮೂರು ಹೆಜ್ಜೆ?” ಎಂದು ಕೇಳಿದರು. ಕಂಪನಿಯ ಸಾಮಾಜಿಕ ಹೊಣೆಗಾರಿಕೆ ವಿಭಾಗದ ಮೇಡಂ ಮುಂದೆ ಬಂದು, “ನಮ್ಮಲ್ಲಿ ಗಾಯಾಳುಗಳನ್ನೂ ತೊಡಗಿಸಿಕೊಳ್ಳುವ ಪದ್ಧತಿ ಇದೆ ಮೇಡಂ” ಎಂದರು.

“ನಡೆಯೋ ಹಾಗಿದ್ರೆ ಸ್ಟ್ರೆಚರ್ ಯಾಕ್ರೀ?”

ಸ್ಟಾಪ್‌ವಾಚ್ ಓಡುತ್ತಲೇ ಇತ್ತು. ಕೊನೆಗೆ ಬೀರು ಸರಿಸುವುದೆಂದಾಯಿತು. ಸರಿಸಲು ಅದನ್ನು ಖಾಲಿ ಮಾಡಿ ಗೋಡೆಯ ಮೊಳೆ ಕೀಳಬೇಕು, ಖಾಲಿ ಮಾಡಲು ಬೀಗ ತೆಗೆಯಬೇಕು, ಬೀಗದ ಕೈ ಉಗ್ರಾಣದಲ್ಲಿತ್ತು. ಅದು ಬಂದ ಮೇಲೆ ಒಬ್ಬೊಬ್ಬರ ಕೈಗೂ ಒಂದೊಂದು ಪ್ರಶಸ್ತಿ ಸೇರಿತು. ಆಫೀಸರ ಎರಡು ಕಂಕುಳಲ್ಲಿ ಎರಡು ಫಲಕ. ಮೇಡಂ ಎದೆಗೆ ಸಸಿಯ ಆಕಾರದ ಹಿತ್ತಾಳೆ. ಪರೀಕ್ಷಿಸಲು ಬಂದ ಹಿರಿಯರು ಊರುಗೋಲನ್ನು ಗೋಡೆಗೆ ಒರಗಿಸಿ, ಗಾಜಿನ ಗೋಳವೊಂದನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಈ ಮೆರವಣಿಗೆಯ ನಡುವೆ ಗಾಯಾಳಣ್ಣ ನೆಲದ ಮೇಲೆ ಕಣ್ಣು ಮುಚ್ಚಿಕೊಂಡೇ ಇದ್ದರು. “ನಗು ತಡೆಯೋದೇ ಕಷ್ಟ ಆಯ್ತು. ನಮ್ಮನೆಯವಳು ಬಾಗಿಲಲ್ಲಿ ನಿಂತು ನೋಡ್ತಿದ್ಲಲ್ಲ, ಅವಳ ಮುಖ ನೆನೆಸ್ಕೊಂಡು ತಡೆದೆ.”

ಚಿಕಿತ್ಸೆಯ ಕೋಣೆ ಮುಟ್ಟಿದಾಗ ಇಪ್ಪತ್ತಮೂರು ನಿಮಿಷ ನಲವತ್ತು ಸೆಕೆಂಡ್ ಆಗಿತ್ತು. ಪ್ರಶಸ್ತಿ ಬರಲಿಲ್ಲ. ಬೀರುವನ್ನು ಹದಿನೈದು ದಿನದೊಳಗೆ ತೆಗೆಯಬೇಕೆಂಬ ಪತ್ರ ಬಂತು. ಗಾಯಾಳಣ್ಣನಿಗೂ ಒಂದು ಮೆಮೊ ಬಂತು: “ಗಾಯಾಳು ಸಹಕರಿಸಲಿಲ್ಲ. ಕಾರಣ ತಿಳಿಸಿ.” ಕೆಲಸ ಹೋಗುತ್ತದೆಂದು ಗಂಡ ಹೆಂಡತಿ ಇಬ್ಬರೂ ಒಂಬತ್ತು ದಿನ ಸರಿಯಾಗಿ ಉಣ್ಣಲಿಲ್ಲ. “ನಲವತ್ತಾರಕ್ಕೆ ಇಳಿದಿದ್ದೆ,” ಎನ್ನುತ್ತಾರೆ. ಅವರು ಕೊಟ್ಟ ಉತ್ತರ ಒಂದೇ ಸಾಲಿನದು: “ನಾನು ಪ್ರಜ್ಞೆ ತಪ್ಪಿದ್ದೆ.” ಅದಕ್ಕೆ ಏನು ಕ್ರಮ ಕೈಗೊಳ್ಳುವುದೆಂದು ಆಡಳಿತಕ್ಕೂ ತೋಚಲಿಲ್ಲ. ಮೆಮೊ ಈಗ ಅವರ ಮನೆಯ ಬಟ್ಟೆಯ ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿದೆ. ಅಂಟಿಸಿದವರು ಹೆಂಡತಿ.

ಬೀರು ಈಗ ಕ್ಯಾಂಟೀನಿನಲ್ಲಿದೆ. ಅದನ್ನು ಅಲ್ಲಿಗೆ ಸಾಗಿಸಿದ ದಿನ ಹೊಣೆಗಾರಿಕೆ ವಿಭಾಗದ ಮೇಡಂ ಯಾರಿಗೂ ಹೇಳದೆ ಸ್ಟ್ರೆಚರಿನ ಮೇಲೆ ಎರಡು ನಿಮಿಷ ಮಲಗಿ ನೋಡಿದರೆಂದು ಫಿಟ್ಟರ್ ಹೇಳುತ್ತಾನೆ. “ಎದ್ದು, ‘ಭಯ ಆಗುತ್ತೆ ಅಲ್ವಾ?’ ಅಂದ್ರು. ಅಷ್ಟೇ.”

ಸೈರನ್ ಕೂಗುತ್ತದೆ. ಬ್ಯಾಟರಿ ಸಿಕ್ಕಿದೆ. ಫೋರ್ಕ್‌ಲಿಫ್ಟ್ ಚಾಲಕ, ಫಿಟ್ಟರ್ ಓಡಿಬಂದು ಗಾಯಾಳಣ್ಣನನ್ನು ಸ್ಟ್ರೆಚರಿಗೆ ಎತ್ತಿ, ಪಟ್ಟಿ ಬಿಗಿದು, ಓಣಿಗೆ ನುಗ್ಗುತ್ತಾರೆ. ಪಾಳಿಗೆ ಬಂದ ಹೆಂಡತಿ ಬಾಗಿಲಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದಾರೆ. ಮೂಲೆ ಬರುತ್ತದೆ. ಅಲ್ಲಿ ಬೀರುವಿನ ಬದಲು ಗೋಡೆಯಲ್ಲಿ ನಾಲ್ಕು ಮೊಳೆಯ ತೂತುಗಳಿವೆ. ಆದರೂ ಹೊತ್ತವರಿಬ್ಬರೂ ಗಕ್ಕನೆ ನಿಲ್ಲುತ್ತಾರೆ, ಮೊಣಕಾಲು ಬಗ್ಗಿಸುತ್ತಾರೆ.

“ಇಳಿಸಬೇಡ್ರೋ!” ಎಂದು ಹೆಂಡತಿ ಬಾಗಿಲಿನಿಂದ ಕೂಗುತ್ತಾರೆ.

ಸ್ಟ್ರೆಚರ್ ಮೇಲೇಳುತ್ತದೆ, ಓರೆಯಾಗುತ್ತದೆ, ಒಂದು ಗೇಣು ಜಾಗ ಉಳಿಸಿಕೊಂಡು ತಿರುಗುತ್ತದೆ. ಮೂರು ನಿಮಿಷ ಐದು ಸೆಕೆಂಡ್. ಆಫೀಸರ್ ಎರಡು ಸಲ ಗಡಿಯಾರ ನೋಡಿ, ತಾವೇ ಪಟ್ಟಿ ಬಿಚ್ಚುತ್ತಾರೆ. “ಏಳಪ್ಪ, ಈಗ ಏಳಬಹುದು.”

ಗಾಯಾಳಣ್ಣ ಎದ್ದು ಕೂತು, ಮೊದಲು ಬೂಟು ಕೇಳುತ್ತಾರೆ, ಆಮೇಲೆ ಪೆನ್ನು. ಜೇಬಿನಿಂದ ಪ್ಯಾಕಿಂಗ್ ಚೀಟಿ ತೆಗೆದು ತೊಡೆಯ ಮೇಲಿಟ್ಟು, ನಿಧಾನವಾಗಿ ಬರೆಯುತ್ತಾರೆ. ಹನ್ನೆರಡನೆಯ ಚೀಟಿ: ‘ಮೂಲೆಯ ಸೂರಿನಲ್ಲಿ ಟ್ಯೂಬ್‌ಲೈಟಿನ ಒಂದು ಕಡೆಯ ಕೊಂಡಿ ಬಿಟ್ಟಿದೆ. ತಲೆ ಮೇಲೆ ಬೀಳಬಹುದು.’

“ಈ ಓಣಿಯ ಸೂರು ಪೂರ್ತಿ ಕಂಠಪಾಠ ನಂಗೆ,” ಎನ್ನುತ್ತಾರೆ, ಚೀಟಿಯನ್ನು ಆಫೀಸರ ಕೈಗೆ ಕೊಡುತ್ತಾ. “ಆ ಮೂರು ಹೆಜ್ಜೆಯದ್ದು ಮಾತ್ರ ನೋಡೇ ಇರ್ಲಿಲ್ಲ. ಹೋದ ಸಲ ಕಣ್ಣೇ ಬಿಡ್ಲಿಲ್ಲ, ಅದಕ್ಕೆ ಮುಂಚೆ ಅಲ್ಲಿ ಯಾವಾಗ್ಲೂ ನಡ್ಕೊಂಡೇ ಹೋಗಿದ್ದು.”